ಹತ್ತು ಹೆಸರುಗಳ ಪಟ್ಟಿ

ಅಮರಾವತಿ ನದಿಯ ದಂಡೆಯ ಮೇಲಿರುವ ಧಾರಾಪುರಂ ಪಟ್ಟಣದ ನಗರಸಭೆಗೂ ತಮಿಳುನಾಡಿನ ಇತರ ನಗರಾಡಳಿತ ಸಂಸ್ಥೆಗಳಿಗೂ ಈಗ ಒಂದು ಹೊಸ ಕರ್ತವ್ಯ ಬಂದೊದಗಿದೆ. ವರ್ಷಕ್ಕೆ ನಾಲ್ಕು ದಿನ ಅವು ತಮ್ಮ ಮತದಾರರ ನಡುವೆ ಕುಳಿತು ಅವರ ಮಾತನ್ನು ಕೇಳಬೇಕು. ಜನವರಿ 25ರ ರಾಷ್ಟ್ರೀಯ ಮತದಾರರ ದಿನ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಸೆಪ್ಟೆಂಬರ್ 15ರ ಅಣ್ಣಾದುರೈ ಜನ್ಮದಿನ ಹಾಗೂ ಡಿಸೆಂಬರ್ 10ರ ಮಾನವ ಹಕ್ಕುಗಳ ದಿನ ಇದಕ್ಕಾಗಿ ಗೊತ್ತುಪಡಿಸಿದ ದಿನಗಳು. ಪ್ರತಿಯೊಂದು ವಾರ್ಡನ್ನೂ ಕೆಲವು ಪ್ರದೇಶಗಳಾಗಿ ವಿಂಗಡಿಸಿ ಈ ಸಭೆಗಳನ್ನು ಕರೆಯುವುದರಿಂದ ಇವಕ್ಕೆ ಪ್ರದೇಶ ಸಭೆ ಎಂಬ ಹೆಸರು. ತಮಿಳಿನಲ್ಲಿ ಇವು ‘ಪಗುದಿ ಸಭಾ’. ಆ ಪ್ರದೇಶದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಇದರ ಸದಸ್ಯರು. ಆಹ್ವಾನ ಪತ್ರಿಕೆ ಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ.

ಈ ಸಭೆಗಳಲ್ಲಿ ಜನರು ಸಾಮಾನ್ಯವಾಗಿ ಕೇಳುವುದು ಕುಡಿಯುವ ನೀರು, ಚರಂಡಿ, ಬೀದಿದೀಪ ಮತ್ತು ಕಸದ ವಿಲೇವಾರಿ. ಅವೆಲ್ಲವೂ ಕೇಳತಕ್ಕವೇ. ಆದರೆ ಕನ್ನಡ ಮಾಧ್ಯಮದ ಶಾಲೆಗೆ ಮಕ್ಕಳನ್ನು ಕಳುಹಿಸುವ ಕುಟುಂಬಗಳೂ, ಮನೆಯಲ್ಲಿ ಕನ್ನಡವಾಡುತ್ತ ಮಕ್ಕಳಿಗೆ ಅದರ ಅಕ್ಷರ ಕಲಿಸಲಾಗದೆ ಕೊರಗುವ ಕುಟುಂಬಗಳೂ ಅಲ್ಲಿ ಕೇಳಬಹುದಾದ ಇನ್ನೊಂದು ವಿಷಯವಿದೆ. ಅದನ್ನು ಕೇಳುವವರು ವಿರಳ. ಶಾಲೆಯ ಮಾತು ಚೆನ್ನೈನ ಇಲಾಖೆಗೆ ಸೇರಿದ್ದು, ನಗರಸಭೆಗೆ ಅದರ ಗೊಡವೆಯಿಲ್ಲ ಎಂಬ ಭಾವನೆ ಬೇರೂರಿರುವುದೇ ಇದಕ್ಕೆ ಕಾರಣ. ಸಂವಿಧಾನದ ಅಭಿಪ್ರಾಯ ಹಾಗಿಲ್ಲ.

1956ರಲ್ಲಿ ಸಂವಿಧಾನಕ್ಕೆ ತಂದ ಏಳನೆಯ ತಿದ್ದುಪಡಿಯು 350ಎ ಎಂಬ ಅನುಚ್ಛೇದವನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ಪಡೆಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಶ್ರಮಿಸಬೇಕೆಂದು ಅದು ಹೇಳುತ್ತದೆ. ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ. ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರದ ಮೇಲೂ ಅದೇ ಹೊಣೆಯನ್ನು ಹೊರಿಸುತ್ತದೆ. ನಗರಸಭೆಯೂ ಗ್ರಾಮ ಪಂಚಾಯಿತಿಯೂ ಸ್ಥಳೀಯ ಪ್ರಾಧಿಕಾರಗಳೇ. ಚರಂಡಿಯನ್ನು ದುರಸ್ತಿ ಮಾಡಿಸುವ ಸಭೆಯ ಮೇಜಿನ ಮೇಲೆಯೇ ಮಗುವಿನ ಮಾತೃಭಾಷೆಯ ಅರ್ಜಿಯನ್ನೂ ಇಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಈ ಸೀಮೆಯಲ್ಲಿ ಕನ್ನಡ ನಿನ್ನೆ ಮೊನ್ನೆ ಬಂದ ಭಾಷೆಯಲ್ಲ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಕೊಂಗುನಾಡಿನ ಬಹುಭಾಗದೊಡನೆ ಧಾರಾಪುರಂ ಕೂಡ ಮೈಸೂರು ಅರಸರ ಆಳ್ವಿಕೆಗೆ ಒಳಪಟ್ಟಿತು. ಹೈದರಾಲಿ ಮತ್ತು ಟಿಪ್ಪುವಿನ ಕಾಲದ ಯುದ್ಧಗಳಲ್ಲಿ ಇಲ್ಲಿಯ ಕೋಟೆ ಹಲವು ಬಾರಿ ಕೈ ಬದಲಾಯಿಸಿತು. 1799ರಲ್ಲಿ ಟಿಪ್ಪು ಮಡಿದ ಅನಂತರದ ಕೆಲವು ವರ್ಷ ಧಾರಾಪುರಂ ಕಲೆಕ್ಟರರ ಕೇಂದ್ರಸ್ಥಾನವಾಗಿತ್ತು. ದೇವಾಂಗ ನೇಕಾರರು, ಒಕ್ಕಲಿಗರು, ಕುರುಬರು ಮೊದಲಾದ ಸಮುದಾಯಗಳ ಅನೇಕ ಕುಟುಂಬಗಳು ಕೊಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿ ಇಂದಿಗೂ ಮನೆಯೊಳಗೆ ಕನ್ನಡವನ್ನೇ ಆಡುತ್ತವೆ. ಅವರ ಮಾತಿನಲ್ಲಿ ತಮಿಳು ಬೆರೆತಿದೆ. ಅದು ನೆರೆಹೊರೆಯೊಡನೆ ಬಾಳಿದ ಗುರುತೇ ಹೊರತು ಕೊರತೆಯಲ್ಲ. ಕೊರತೆ ಇರುವುದು ಬೇರೆಡೆ. ಎಷ್ಟೋ ಮನೆಗಳಲ್ಲಿ ಅಜ್ಜಿ ಆಡುವ ಮಾತನ್ನು ಮೊಮ್ಮಗಳು ಬಲ್ಲಳು, ಬರೆಯಲಾರಳು.

ಗಡಿಗಳೋ ಅಳಿಸಿ ಬರೆದಂತೆ ಬದಲಾಗಿವೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಆ ದಿನ ಅದು ಮೈಸೂರು ರಾಜ್ಯಕ್ಕೆ ಸೇರಿತು, ಜಿಲ್ಲೆಯ ಉಳಿದ ಭಾಗ ಮದರಾಸು ರಾಜ್ಯದಲ್ಲೇ ಉಳಿಯಿತು. ಕೊಯಮತ್ತೂರು ಜಿಲ್ಲೆಯ ಕನ್ನಡಿಗರ ಸಂಖ್ಯೆ ಒಂದೇ ದಿನದಲ್ಲಿ ಕುಗ್ಗಿತು. ಧಾರಾಪುರಂ ತಾಲ್ಲೂಕು 1979ರಲ್ಲಿ ಈರೋಡಿನ ಸುತ್ತ ರಚಿತವಾದ ಪೆರಿಯಾರ್ ಜಿಲ್ಲೆಗೆ ಹೋಯಿತು. 2009ರಲ್ಲಿ ಅದು ಹೊಸ ತಿರುಪ್ಪೂರು ಜಿಲ್ಲೆಗೆ ಸೇರಿತು. ಒಂದೇ ಮನೆಯಲ್ಲಿ ಬಾಳಿದ ಹಿರಿಯರು ಮೂರು ಜಿಲ್ಲೆಗಳ ಪ್ರಜೆಗಳಾದರು. ಅರ್ಜಿ ಕೊಡುವ ಕಚೇರಿ ಎರಡು ಬಾರಿ ಬದಲಾಯಿತು, ಅರ್ಜಿಯಲ್ಲಿ ಹೇಳಬೇಕಾದ ಮಾತು ಮಾತ್ರ ಒಂದೇ ಆಗಿ ಉಳಿಯಿತು.

ಹಾಗಾದರೆ ಕೇಳುವುದು ಹೇಗೆ? ಉತ್ತರ ಒಂದು ಸಂಖ್ಯೆಯಲ್ಲಿದೆ. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ಸೂತ್ರವನ್ನು ಅಂಗೀಕರಿಸಿತು. ಇಡೀ ಶಾಲೆಯಲ್ಲಿ ಒಂದು ಭಾಷೆಯನ್ನಾಡುವ 40 ಮಕ್ಕಳಾಗಲಿ ಒಂದು ತರಗತಿಯಲ್ಲಿ 10 ಮಕ್ಕಳಾಗಲಿ ಇದ್ದರೆ, ಆ ಭಾಷೆಯಲ್ಲಿ ಬೋಧಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸತಕ್ಕದ್ದು. ಭಾಷಾ ಅಲ್ಪಸಂಖ್ಯಾತರಿಗೆ ದೇಶದಲ್ಲಿ ಒಪ್ಪಿತವಾಗಿರುವ ರಕ್ಷಣೆಗಳ ಪೈಕಿ ಇಂದಿಗೂ ಇದು ಮುಖ್ಯವಾದದ್ದು. ಇಂತಹ ಮಕ್ಕಳ ಹೆಸರುಗಳನ್ನು ಶಾಲಾ ವರ್ಷದ ಆರಂಭಕ್ಕೆ ಮೂರು ತಿಂಗಳು ಮೊದಲೇ ನೋಂದಾಯಿಸಿಕೊಳ್ಳಬೇಕೆಂಬುದೂ ಅದೇ ರಕ್ಷಣೆಗಳ ಸಾಲಿನಲ್ಲಿದೆ. ತಮಿಳುನಾಡಿನ ಶಾಲೆಗಳು ಜೂನ್ ತಿಂಗಳಲ್ಲಿ ತೆರೆಯುತ್ತವೆ. ಅಂದರೆ ಫೆಬ್ರವರಿಯ ಕೊನೆಯ ಹೊತ್ತಿಗೆ ಪಟ್ಟಿ ಸಿದ್ಧವಾಗಿರಬೇಕು.

ಇಲ್ಲಿಯೇ ಹೆಚ್ಚಿನ ಪ್ರಯತ್ನಗಳು ಎಡವುತ್ತವೆ. ಒಂದು ವಾರ್ಡಿನಲ್ಲಿ ಐದು ವರ್ಷ ತುಂಬಿದ, ಮನೆಯಲ್ಲಿ ಕನ್ನಡವಾಡುವ ಹತ್ತು ಮಕ್ಕಳಿದ್ದಾರೆಂದು ಭಾವಿಸಬಹುದು. ಹತ್ತು ಮನೆಗಳವರೂ ಪರಸ್ಪರ ಬಲ್ಲವರು, ಮದುವೆ ಮುಂಜಿಗಳಲ್ಲಿ ಭೇಟಿಯಾಗುವವರು. ಆದರೆ ಮೂರು ಮಕ್ಕಳು ಒಂದು ಶಾಲೆಗೆ, ನಾಲ್ವರು ಇನ್ನೊಂದಕ್ಕೆ, ಉಳಿದ ಮೂವರು ಬಸ್ಸಿನಲ್ಲಿ ಹೋಗಿ ಬರುವ ಮತ್ತೊಂದಕ್ಕೆ ಸೇರುತ್ತಾರೆ. ಹತ್ತು ಎಂಬ ಸಂಖ್ಯೆ ಬೀದಿಯಲ್ಲಿ ಇದೆ, ಯಾವ ಶಾಲೆಯ ದಾಖಲೆಯಲ್ಲೂ ಇಲ್ಲ. ಜೂನ್ ತಿಂಗಳಲ್ಲಿ ಒಬ್ಬೊಬ್ಬರಾಗಿ ಹೋಗಿ ಕನ್ನಡ ಶಿಕ್ಷಕರಿಲ್ಲವೇ ಎಂದು ಕೇಳಿದವರಿಗೆ ಮಕ್ಕಳಿಲ್ಲ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಸುಳ್ಳಲ್ಲ. ಕಡತದ ಮಟ್ಟಿಗೆ ಅದು ಸತ್ಯ.

ಈ ಕಡತವನ್ನು ಇಡಬೇಕಾದವರಲ್ಲಿ ಸ್ಥಳೀಯ ಸಂಸ್ಥೆಯೂ ಒಂದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಪ್ರಕರಣದಂತೆ, ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆಯನ್ನು ಸ್ಥಳೀಯ ಪ್ರಾಧಿಕಾರವು ನಿರ್ವಹಿಸಬೇಕು. ಬೋಧನೆಯ ಮಾಧ್ಯಮ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಾಗಿರಬೇಕೆಂದು ಅದೇ ಕಾಯ್ದೆಯ 29ನೆಯ ಪ್ರಕರಣ ಹೇಳುತ್ತದೆ. 21ನೆಯ ಪ್ರಕರಣದಂತೆ ರಚನೆಯಾಗುವ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಯೂ ಇರಬೇಕು. ಹೀಗೆ ಪ್ರದೇಶ ಸಭೆಯಲ್ಲಿ ಕಾಣುವ ವಾರ್ಡಿನ ಸದಸ್ಯರು ಶಾಲೆಯ ಸಮಿತಿಯಲ್ಲೂ ಎದುರಾಗುವ ಸಂಭವವಿದೆ. ಒಂದೆಡೆ ಕೊಟ್ಟ ಪಟ್ಟಿ ಇನ್ನೊಂದೆಡೆ ನೆನಪಿಗೆ ಬರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಸರ್ಕಾರವು ಸ್ಥಳೀಯ ಸಂಸ್ಥೆಗಳ ಸಹಕಾರದೊಡನೆ ಕೈಗೊಂಡ ಕಾರ್ಯಗಳಲ್ಲಿ ಕೆಲವು ಈ ಕುಟುಂಬಗಳನ್ನು ನೇರವಾಗಿ ಮುಟ್ಟುತ್ತವೆ. ಮುಖ್ಯಮಂತ್ರಿಗಳ ಬೆಳಗಿನ ಉಪಾಹಾರ ಯೋಜನೆ 2022ರ ಸೆಪ್ಟೆಂಬರ್ 15ರಂದು ಮದುರೈಯಲ್ಲಿ ಆರಂಭವಾಯಿತು. ಮೊದಲು 1,545 ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಸೀಮಿತವಾಗಿದ್ದ ಅದು 2023ರ ಆಗಸ್ಟ್ 25ರಿಂದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ, 2024ರ ಜುಲೈ 15ರಿಂದ ಗ್ರಾಮೀಣ ಅನುದಾನಿತ ಶಾಲೆಗಳಿಗೂ, 2025ರ ಆಗಸ್ಟ್ 26ರಿಂದ ನಗರ ಪ್ರದೇಶದ ಅನುದಾನಿತ ಶಾಲೆಗಳಿಗೂ ವಿಸ್ತರಿಸಿತು. ಭಾಷಾ ಅಲ್ಪಸಂಖ್ಯಾತರ ಹಲವು ಶಾಲೆಗಳು ಅನುದಾನಿತ ವರ್ಗದವು. ಮುಂಜಾನೆಯೇ ಕೆಲಸಕ್ಕೆ ಹೊರಡುವ ತಂದೆತಾಯಿಯರಿಗೆ ಈ ಕೊನೆಯ ವಿಸ್ತರಣೆಯೇ ಹೆಚ್ಚು ಮಹತ್ತ್ವದ್ದು. ಊಟದ ಕಾರಣಕ್ಕಾಗಿ ಮಗುವನ್ನು ಮಾತೃಭಾಷೆಯ ಶಾಲೆಯಿಂದ ಬಿಡಿಸಬೇಕಾದ ಸಂಕಟ ಇದರಿಂದ ತಪ್ಪುತ್ತದೆ.

2025ರ ಜುಲೈ 15ರಂದು ಚಿದಂಬರಂನಲ್ಲಿ ಆರಂಭವಾದ ‘ಉಂಗಳುಡನ್ ಸ್ಟಾಲಿನ್’ ಶಿಬಿರಗಳು ಎರಡನೆಯವು. ನಗರ ಪ್ರದೇಶಗಳಲ್ಲಿ 13 ಇಲಾಖೆಗಳ 43 ಸೇವೆಗಳಿಗೆ, ಗ್ರಾಮಗಳಲ್ಲಿ 15 ಇಲಾಖೆಗಳ 46 ಸೇವೆಗಳಿಗೆ ಒಂದೇ ಕಡೆ ಅರ್ಜಿ ಸ್ವೀಕರಿಸಿ 45 ದಿನಗಳೊಳಗೆ ಇತ್ಯರ್ಥಪಡಿಸುವುದು ಅವುಗಳ ಉದ್ದೇಶವಾಗಿತ್ತು. ವಾಸದ ಪ್ರಮಾಣ, ಸಮುದಾಯ ಪ್ರಮಾಣಪತ್ರ, ಪಡಿತರ ಚೀಟಿಯ ತಿದ್ದುಪಡಿ ಮುಂತಾದವು ಶಾಲೆಗೆ ಸೇರಿಸುವ ಕಾಲದಲ್ಲಿ ಬೇಕೇ ಬೇಕಾದವು. ಜೂನ್ ತಿಂಗಳ ನೂಕುನುಗ್ಗಲಿಗೆ ಕಾಯದೆ ಈಗಲೇ ಅವನ್ನು ಮಾಡಿಸಿಕೊಳ್ಳುವುದು ಜಾಣತನ.

ಮೂರನೆಯ ವಿಷಯ ಗ್ರಂಥಾಲಯದ್ದು. ಮದರಾಸಿನ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರದು, ಸ್ವತಂತ್ರ ಭಾರತದಲ್ಲಿ ಇಂತಹ ಕಾಯ್ದೆಗಳಲ್ಲಿ ಮೊದಲನೆಯದು. ಅದರ ಆಧಾರದ ಮೇಲೆ ತಮಿಳುನಾಡಿನ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಂದಿಗೆ ಶೇ. 10ರಷ್ಟು ಗ್ರಂಥಾಲಯ ಸೆಸ್ ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಸಲ್ಲಿಸುತ್ತವೆ. 2022ರಲ್ಲಿ ನಗರಗಳ ಆಸ್ತಿ ತೆರಿಗೆ ಏರಿದಾಗ ಈ ಸೆಸ್ಸೂ ಅದರೊಡನೆ ಏರಿತು. ಮನೆ ತೆರಿಗೆ ಕಟ್ಟುವ ಕನ್ನಡ ಕುಟುಂಬ 1,000 ರೂಪಾಯಿ ತೆರಿಗೆಗೆ 100 ರೂಪಾಯಿಯನ್ನು ಪುಸ್ತಕಗಳಿಗೆಂದೇ ಕೊಡುತ್ತಿದೆ. ಊರಿನ ಶಾಖಾ ಗ್ರಂಥಾಲಯದಲ್ಲಿ ಮಕ್ಕಳಿಗಾಗಿ ಒಂದು ಕಪಾಟಿನಷ್ಟು ಕನ್ನಡ ಪುಸ್ತಕಗಳಿರಲಿ ಎಂದು ಕೇಳುವುದು ಬೇಡಿಕೊಳ್ಳುವ ಮಾತಲ್ಲ, ಕೊಟ್ಟ ಹಣದ ಲೆಕ್ಕ ಕೇಳುವ ಮಾತು. ಶಾಲೆಯಲ್ಲಿ ಶಿಕ್ಷಕರ ನೇಮಕಕ್ಕೆ ವರ್ಷಗಳು ಹಿಡಿಯಬಹುದು. ಕಪಾಟು ಒಂದು ವರ್ಷದಲ್ಲಿ ತುಂಬಬಹುದು.

ಕೇಳುವ ಕ್ರಮಕ್ಕೂ ಕಾಲವುಂಟು. ನಗರಸಭೆಯ ಹಣಕಾಸು ವರ್ಷ ಏಪ್ರಿಲ್ 1ರಂದು ಆರಂಭವಾಗುತ್ತದೆ, ಅದರ ಆಯವ್ಯಯ ಅದಕ್ಕೆ ಮೊದಲೇ ರೂಪುಗೊಳ್ಳುತ್ತದೆ. ಏಪ್ರಿಲ್ 14ರ ಸಭೆಯಲ್ಲಿ ಕೇಳಿದ ಕೆಲಸಕ್ಕೆ ಆ ವರ್ಷದ ಚೀಲದ ಬಾಯಿ ಆಗಲೇ ಕಟ್ಟಿರುತ್ತದೆ. ಆದ್ದರಿಂದ ಸೆಪ್ಟೆಂಬರ್ 15ರ ಸಭೆಯಲ್ಲಿ ವಿಷಯವನ್ನು ಪ್ರಸ್ತಾಪಿಸಿ ನಡಾವಳಿಯಲ್ಲಿ ಬರೆಸುವುದು, ಡಿಸೆಂಬರ್ 10ರ ಸಭೆಯಲ್ಲಿ ಮಕ್ಕಳ ಹೆಸರು, ವಯಸ್ಸು, ವಿಳಾಸ ಮತ್ತು ಪೋಷಕರ ಸಹಿಯುಳ್ಳ ಪಟ್ಟಿಯನ್ನು ಒಪ್ಪಿಸುವುದು, ಜನವರಿ 25ರ ಸಭೆಯಲ್ಲಿ ಅದರ ಗತಿಯೇನಾಯಿತೆಂದು ಕೇಳುವುದು ಸರಿಯಾದ ಕ್ರಮ. ಅದೇ ಪಟ್ಟಿಯ ಒಂದು ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರಿಗೂ ಇನ್ನೊಂದು ಸೋಮವಾರಗಳಂದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ನಡೆಯುವ ಕುಂದುಕೊರತೆ ಸಭೆಗೂ ಹೋಗಬೇಕು. ಪ್ರತಿ ಬಾರಿಯೂ ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಪ್ರಾದೇಶಿಕ ಕಚೇರಿ ಚೆನ್ನೈನಲ್ಲಿದೆ. ಸ್ಥಳೀಯವಾಗಿ ಉತ್ತರ ಬಾರದಿದ್ದಾಗ ಅಲ್ಲಿಗೆ ಬರೆಯಲು ಈ ಸ್ವೀಕೃತಿಗಳೇ ಆಧಾರವಾಗುತ್ತವೆ.

ಅರ್ಜಿ ಯಾವ ಭಾಷೆಯಲ್ಲಿರಬೇಕು ಎಂಬ ಸಂದೇಹ ಸಹಜ. ಕುಂದುಕೊರತೆಯ ನಿವಾರಣೆಗಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅರ್ಜಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿದೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸುವಂತಿಲ್ಲ. ಆದರೆ ಅರ್ಜಿ ಓದಬೇಕಾದ ಗುಮಾಸ್ತರಿಗೆ ಕನ್ನಡ ಬಾರದಿದ್ದರೆ ಹಕ್ಕು ಉಳಿದು ಕೆಲಸ ನಿಂತೀತು. ಕನ್ನಡದ ಮೂಲಕ್ಕೆ ತಮಿಳಿನ ಪ್ರತಿಯೊಂದನ್ನು ಸೇರಿಸಿ ಕೊಟ್ಟರೆ ಎರಡೂ ಉಳಿಯುತ್ತವೆ. ಈ ಊರಿನ ಕನ್ನಡಿಗರಿಗೆ ತಮಿಳು ಚೆನ್ನಾಗಿ ಬರುತ್ತದೆ, ಆದ್ದರಿಂದ ಇದು ಹೊರೆಯೂ ಅಲ್ಲ.

ಇನ್ನು ನವೆಂಬರ್ 1. ಹೊರನಾಡಿನ ಕನ್ನಡಿಗರಿಗೆ ಅದು ರಾಜ್ಯೋತ್ಸವದ ದಿನ. ಬಾವುಟ, ಹಾಡು, ಮಕ್ಕಳ ಭಾಷಣ, ಸಿಹಿ ಹಂಚಿಕೆ ಎಲ್ಲವೂ ಇರುತ್ತವೆ. ತಮಿಳುನಾಡಿನಲ್ಲಿ ಅದೇ ದಿನ ಸ್ಥಳೀಯ ಸಂಸ್ಥೆಗಳ ದಿನ. 2022ರಲ್ಲಿ ಈ ಆಚರಣೆಗೆ ಮರುಜೀವ ಬಂದು, ವರ್ಷಕ್ಕೆ ನಾಲ್ಕಿದ್ದ ಗ್ರಾಮಸಭೆಗಳು ಆರಾದಾಗ, ಮಾರ್ಚ್ 22ರ ಜೊತೆಗೆ ನವೆಂಬರ್ 1 ಕೂಡ ಗ್ರಾಮಸಭೆಯ ದಿನವಾಯಿತು. ಧಾರಾಪುರಂ ಸುತ್ತಲಿನ ಹಳ್ಳಿಗಳಲ್ಲಿ ವಾಸಿಸುವ ಕನ್ನಡ ಕುಟುಂಬಗಳಿಗೆ ಹೀಗೆ ಒಂದೇ ದಿನ ಎರಡು ಕರೆಗಳು. ಸಮಾರಂಭಕ್ಕೆಂದು ಪೇಟೆಗೆ ಹೊರಟವರು ಗ್ರಾಮಸಭೆಗೆ ಗೈರುಹಾಜರಾದರೆ, ಕನ್ನಡದ ಹೆಸರಿನಲ್ಲಿ ನಡೆದ ಹಬ್ಬವೇ ಕನ್ನಡದ ಕೆಲಸಕ್ಕೆ ಅಡ್ಡಿಯಾದಂತೆ. ಉತ್ಸವವನ್ನು ಸಂಜೆಗೆ ಇಟ್ಟುಕೊಂಡರೆ ಹಗಲಿನಲ್ಲಿ ಸಭೆಗೂ ಹೋಗಬಹುದು. ಹಾಡು ಸಂಜೆಗೂ ಇಂಪಾಗಿಯೇ ಇರುತ್ತದೆ. ನಡಾವಳಿ ಪುಸ್ತಕ ಸಂಜೆಯವರೆಗೆ ತೆರೆದಿರುವುದಿಲ್ಲ.

ಪೋಷಕರಲ್ಲಿ ಎರಡು ಅಂಜಿಕೆಗಳಿವೆ, ಅವನ್ನು ಹಗುರವಾಗಿ ಕಾಣಬಾರದು. ಕನ್ನಡ ಕೇಳಿದರೆ ತಮಿಳಿಗೆ ವಿರೋಧಿಗಳೆಂದು ಎಣಿಸಿಯಾರೆಂಬುದು ಮೊದಲನೆಯದು. 2006ರ ತಮಿಳು ಕಲಿಕಾ ಕಾಯ್ದೆಯಂತೆ ತಮಿಳು ಈಗ ಒಂದನೆಯ ತರಗತಿಯಿಂದ ಹತ್ತನೆಯದರವರೆಗೆ ಮೊದಲ ಭಾಗದ ಕಡ್ಡಾಯ ವಿಷಯ, ಮಾತೃಭಾಷೆಯು ನಾಲ್ಕನೆಯ ಭಾಗದ ಐಚ್ಛಿಕ ವಿಷಯ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ತಮಿಳಿನಿಂದ ವಿನಾಯಿತಿ ಬೇಕೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2023ರಲ್ಲಿ ಒಂದು ವರ್ಷದ ಮಟ್ಟಿಗೆ ವಿನಾಯಿತಿ ದೊರೆಯಿತು. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಶಿಕ್ಷಕರನ್ನು ಕೇಳುವುದು ಆ ವ್ಯಾಜ್ಯಕ್ಕಿಂತ ಬೇರೆಯ ಮಾತು. ಬೀದಿಯ ಭಾಷೆಯನ್ನು ಕಲಿಯಲು ಯಾವ ಕುಟುಂಬವೂ ಹಿಂಜರಿದಿಲ್ಲ. ಮನೆಯ ಭಾಷೆಯ ಅಕ್ಷರವನ್ನೂ ಕಲಿಸಿರೆಂದು ಕೇಳುವುದರಲ್ಲಿ ಯಾರಿಗೂ ಅಗೌರವವಿಲ್ಲ.

ಎರಡನೆಯದು ಹೊಟ್ಟೆಪಾಡಿನ ಅಂಜಿಕೆ. ಕನ್ನಡ ಕಲಿತು ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಏನು ಪ್ರಯೋಜನ ಎಂದು ಕೇಳುವ ತಂದೆಯ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ದೊಡ್ಡ ಮಾತಿನ ಉತ್ತರ ಬೇಡ. ಆರು ವರ್ಷದ ಮಗು ಗೊತ್ತಿರುವ ಮಾತಿನಲ್ಲಿ ಎಣಿಕೆ ಕಲಿತರೆ ಬೇಗ ಕಲಿಯುತ್ತದೆ, ಹಾಗೆ ಕಲಿತದ್ದನ್ನು ಬೇರೆ ಭಾಷೆಗೆ ಒಯ್ಯುವುದು ಸುಲಭ. ಮಾತೃಭಾಷೆ ಪ್ರಾಥಮಿಕ ಹಂತಕ್ಕೆ ಮುಖ್ಯವೆಂದು ಸಂವಿಧಾನ ಹೇಳಿದ್ದರ ಹಿಂದೆ ಇರುವುದು ಇದೇ ಅನುಭವ.

ಇದೆಲ್ಲಕ್ಕೂ ಮಿಗಿಲಾದ ಇನ್ನೊಂದು ಎಣಿಕೆ ಮುಂದಿದೆ. 2025ರ ಜೂನ್ 16ರ ಅಧಿಸೂಚನೆಯಂತೆ ದೇಶದ ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. 2011ರ ಗಣತಿಯಲ್ಲಿ ತಮಿಳುನಾಡಿನ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷೆಯವರು ಶೇ. 1.78ರಷ್ಟು, ಎಂದರೆ ಸುಮಾರು 12.8 ಲಕ್ಷ. ಒಂದು ಪ್ರದೇಶದ ಜನರಲ್ಲಿ ಶೇ. 15ರಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದು ಅಲ್ಪಸಂಖ್ಯಾತ ಭಾಷೆಯವರಾಗಿದ್ದರೆ ಮುಖ್ಯ ಪ್ರಕಟಣೆಗಳು ಆ ಭಾಷೆಯಲ್ಲೂ ಹೊರಡಬೇಕೆಂಬ ಒಪ್ಪಿಗೆ ಜಾರಿಗೆ ಬರುವುದು ಇಂತಹ ಅಂಕಿಗಳ ಮೇಲೆಯೇ. ಗಣತಿದಾರರು ಮಾತೃಭಾಷೆಯನ್ನು ಕೇಳಿದಾಗ ಅವಸರದಲ್ಲಿ ತಮಿಳೆಂದು ಬರೆಸಿದವರೂ, ಭಾಷೆಯ ಬದಲು ಕುಲದ ಹೆಸರನ್ನು ಹೇಳಿದವರೂ ಹಿಂದೆ ಇಲ್ಲದೆ ಇಲ್ಲ. ಮನೆಯಲ್ಲಿ ಆಡುವ ಭಾಷೆ ಕನ್ನಡವಾದರೆ ಕನ್ನಡವೆಂದು ಹೇಳಿ, ಹಾಗೆಯೇ ಬರೆದರೇ ಎಂದು ನೋಡಿಕೊಳ್ಳುವುದು ಪ್ರತಿ ಮನೆಯ ಕೆಲಸ.

ಧಾರಾಪುರಂನ ಒಂದು ವಾರ್ಡಿನಲ್ಲಿ ಈ ತಿಂಗಳ ಸಭೆಗೆ ಒಬ್ಬ ತಾಯಿ ಒಂದು ಹಾಳೆಯನ್ನು ಹಿಡಿದು ಹೋದರೆ ಸಾಕು, ಆರಂಭವಾದಂತೆ. ಅದರಲ್ಲಿ ಮೊದಲಿಗೆ ನಾಲ್ಕೇ ಹೆಸರುಗಳಿರಬಹುದು. ಡಿಸೆಂಬರಿನವರೆಗೆ ಮೂರು ತಿಂಗಳಿಗೆ ಸ್ವಲ್ಪ ಕಡಿಮೆ ಸಮಯವಿದೆ. ಬೇಕಾದದ್ದು ಇನ್ನು ಆರು ಹೆಸರು, ಆರು ಬಾಗಿಲು.